ಗುರುಪಾದನ ಮೋಟಾರಿನ ಸೀನು

ಈ ಕತೆಯನ್ನು ಮೊದಲು ಹೇಳಿದವಳು ಅಲ್ಲವ್ವ. ಹಿಡಕಲ್ ಜಲಾಶಯದ ಹಿನ್ನೀರಿನ ಆಚೆ ದಂಡೆಯ ಊರಿನವಳು. ಘೋಡಗೇರಿಯಲ್ಲಿರುವ ತಂಗಿಯ ಮನೆಗೆ ಬಂದಿದ್ದಾಗ, 2024ರ ಮಾರ್ಚ್ ತಿಂಗಳ ಎರಡನೆಯ ಬುಧವಾರ, ಹೊತ್ತು ಇಳಿಯುವ ವೇಳೆಯಲ್ಲಿ, ಅಂಗಳದಲ್ಲಿ ಗೋವಿನಜೋಳದ ತೆನೆ ಸುಲಿಯುತ್ತ ಕುಳಿತ ಹನ್ನೊಂದು ಮಂದಿಗೆ ಇದನ್ನು ಹೇಳಿದಳು. ಕತೆ ನಡೆದದ್ದು ಅದಕ್ಕೆ ನಾಲ್ಕು ದಿನ ಮೊದಲು, ಶನಿವಾರ. ಮುಂದೆ ಗೋಕಾಕದ ಬಸ್ ನಿಲ್ದಾಣದಲ್ಲಿಯೂ ಮೂಡಲಗಿಯ ಸಂತೆಯಲ್ಲಿಯೂ ಇದು ಕೇಳಲು ಸಿಕ್ಕಿತು. ಗೋಕಾಕದವರು ಅಧಿಕಾರಿಯನ್ನು ಗಂಡಸನ್ನಾಗಿ ಮಾಡಿದ್ದಾರೆ. ಮೂಡಲಗಿಯವರ ಪಾಠದಲ್ಲಿ ಬೆಲ್ಲದ ಕೊಪ್ಪರಿಗೆ ಒಡೆದೇ ಹೋಗುತ್ತದೆ. ಅಲ್ಲವ್ವ ಆ ದಿನ ದೋಣಿಯಲ್ಲಿದ್ದವಳು; ಮುಂಜಾನೆಯ ಸಂಗತಿಯನ್ನು ದೋಣಿಯವನ ಹೆಂಡತಿಯ ಬಾಯಿಂದಲೇ ಕೇಳಿದವಳು. ಆದ್ದರಿಂದ ಇಲ್ಲಿ ಅವಳು ಹೇಳಿದ ಕ್ರಮವನ್ನೇ ಇಟ್ಟುಕೊಂಡಿದೆ.

ಈಚೆ ದಂಡೆಯ ಊರಿನಲ್ಲಿ ಗುರುಪಾದ ಎಂಬವನಿದ್ದ. ಇಪ್ಪತ್ತು ಮಂದಿ ಕೂರುವ ಒಂದು ದೋಣಿ, ಅದರ ಹಿಂಬದಿಗೆ ತೂಗುಹಾಕುವ ಒಂದು ಮೋಟಾರು, ಇವೆರಡು ಅವನ ಸಂಸಾರದ ಆಧಾರ. ಮೋಟಾರು ಕಾರವಾರದ ಕಡೆಯಿಂದ ಮೂರು ಕೈ ದಾಟಿ ಬಂದದ್ದು. ಅದಕ್ಕೆ ಎರಡು ರೋಗಗಳಿದ್ದವು. ನಡುನೀರಿನಲ್ಲಿ ಇದ್ದಕ್ಕಿದ್ದಂತೆ ಸೀನುತ್ತಿತ್ತು. ಆ ಸೀನು ಖಾಲಿ ಎಣ್ಣೆಡಬ್ಬಿಯ ಮೇಲೆ ಒನಕೆ ಬಿದ್ದಂತೆ ಕೇಳುತ್ತಿತ್ತು. ದಂಡೆ ಹತ್ತಿರವಾಗಿ ವೇಗ ತಗ್ಗಿಸಿದರೆ, ಹರಟೆಯ ನಡುವೆ ನಿದ್ದೆಹೋದ ಮುದುಕನಂತೆ ಸದ್ದಿಲ್ಲದೆ ನಿಂತುಬಿಡುತ್ತಿತ್ತು.

ಜನ ಇದಕ್ಕೆ ಒಗ್ಗಿಕೊಂಡಿದ್ದರು, ಸರಕಾರ ಒಗ್ಗಿಕೊಂಡಿರಲಿಲ್ಲ. ದೋಣಿ ನಡೆಸುವ ಪರವಾನಗಿಯ ಅವಧಿ ಮುಗಿದಿತ್ತು. ಶನಿವಾರ ಸಂಜೆ ನಾಲ್ಕು ಗಂಟೆಗೆ ಹುಕ್ಕೇರಿಯಿಂದ ಅಧಿಕಾರಿ ಬಂದು ದೋಣಿಯನ್ನು ಪರೀಕ್ಷಿಸುವರು, ಪಾಸಾದರೆ ಮತ್ತೆ ಒಂದು ವರ್ಷ, ಇಲ್ಲವಾದರೆ ಅಂದಿಗೇ ದೋಣಿ ಬಂದ್ ಎಂದು ಕಾಗದ ಬಂದಿತ್ತು. ಗುರುಪಾದ ಅಂಜಲಿಲ್ಲ. ತನ್ನ ಜೀವಮಾನದಲ್ಲಿ ಎರಡು ಪಂಪ್‌ಸೆಟ್ಟುಗಳನ್ನು ಬಿಚ್ಚಿ ಒಂದನ್ನು ಮರಳಿ ಜೋಡಿಸಿದವನು ಅವನು.

ಮಾರ್ಚಿನಲ್ಲಿ ನೀರು ಊರಿನಿಂದ ಅರ್ಧ ಮೈಲು ಹಿಂದೆ ಸರಿದಿರುತ್ತದೆ. ಕಳ್ಳರ ಭಯದಿಂದ ಮೋಟಾರನ್ನು ದಿನವೂ ಬಿಚ್ಚಿ ಮನೆಗೆ ತಂದು ಪಡಸಾಲೆಯಲ್ಲಿ ನಿಲ್ಲಿಸುವುದು ರೂಢಿ. ಶನಿವಾರ ಮುಂಜಾನೆ ಏಳಕ್ಕೆ ಗುರುಪಾದ ಅದರ ಮುಚ್ಚಳ ತೆಗೆದು, ಹಗುರಾಗಿ ತಿರುಗುವಾಗಿನ ಗತಿಯನ್ನು ಹಿಡಿದಿಡುವ ಹಿತ್ತಾಳೆಯ ತಿರುಪನ್ನು ಹುಡುಕಿದ. ಆ ಗತಿಗೆ ಮೆಕ್ಯಾನಿಕರು ಸ್ಲೋ ಎನ್ನುತ್ತಾರೆ. ತಿರುಪು ಮೊದಲು ಎಲ್ಲಿತ್ತು ಎಂದು ಗುರುತು ಹಾಕಿಕೊಳ್ಳದೆ ಅರ್ಧ ಸುತ್ತು ತಿರುಗಿಸಿದ. ಕೇಡಿಗೆ ಅಷ್ಟು ಸಾಕಾಯಿತು.

ಬಾಜೂ ಮನೆಯ ಅಲ್ಲಪ್ಪ ಹಲ್ಲುಪುಡಿಯ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಒಳಬಂದ. ಇಪ್ಪತ್ತು ವರ್ಷಗಳಿಂದ ಟ್ರ್ಯಾಕ್ಟರ್ ಓಡಿಸುವವನು.

“ಏನ್ ತಿರಗಸಾಕತ್ತೀಯೊ?”

“ಸ್ಲೋ ಏರಸಾಕತ್ತೇನಿ ಕಾಕಾ. ದಂಡಿಗೆ ಬಂದಾಗ ಬಂದ್ ಬೀಳತೈತಿ.”

“ಸ್ಲೋದಾಗ ಏನಿಲ್ಲ. ಟೈಮಿಂಗ್ ಹಿಂದ ಬಿದ್ದೈತಿ. ನನ್ನ ಟ್ರ್ಯಾಕ್ಟರಿಗೂ ಹಿಂಗ ಆಗಿತ್ತು.”

ಒಲೆಯ ಮುಂದಿದ್ದ ರಾಜೇಶ್ವರಿ, ಗುರುಪಾದನ ಹೆಂಡತಿ, ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. “ಟ್ರ್ಯಾಕ್ಟರ್ ಡೀಸೆಲ್ ಮ್ಯಾಲ ಓಡತೈತಿ. ಅದಕ್ಕ ಕಿಡಿನ ಇಲ್ಲ. ಟೈಮಿಂಗ್ ಎಲ್ಲಿಂದ ಹಿಂದ ಬಿತ್ರಿ ಕಾಕಾ?”

“ಅದಕ್ಕ ನೋಡವಾ, ಅದು ಕೆಡೂದ ಇಲ್ಲ” ಎಂದ ಅಲ್ಲಪ್ಪ, ಮತ್ತು ಬೆರಳು ತೊಳೆದುಕೊಂಡು ಕುಳಿತ.

ಅವನು ಹೇಳಿದ್ದರಲ್ಲಿ ತಿರುಳು ಇಲ್ಲದೆ ಇರಲಿಲ್ಲ. ಇಂಥ ಮೋಟಾರಿನಲ್ಲಿ ಪಿಸ್ಟನ್ ಮೇಲೇರಿ ತುದಿ ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮೊದಲು ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ತಡವಾದರೆ ಮೋಟಾರು ಸೊರಗುತ್ತದೆ. ತೀರ ಬೇಗನಾದರೆ ಒದೆಯುತ್ತದೆ. ಈ ವೇಳೆಯನ್ನು ಕಾಯುವುದು ಚಕ್ರದ ಅಡಿಯಲ್ಲಿರುವ ಒಂದು ದುಂಡನೆಯ ತಟ್ಟೆ. ಅದನ್ನು ಸರಿಸಬೇಕಾದದ್ದು ಎಳ್ಳಿನ ಲೆಕ್ಕದಲ್ಲಿ. ಅಲ್ಲಪ್ಪ ಹೆಬ್ಬೆರಳಿನ ಲೆಕ್ಕದಲ್ಲಿ ಸರಿಸಿದ. ಹಿಂದೆ ಬಿದ್ದದ್ದನ್ನು ಮುಂದಕ್ಕೆ ತರುವಾಗ ಕೈ ಬಿಗಿಹಿಡಿಯಬಾರದೆಂಬುದು ಅವನ ಅಭಿಪ್ರಾಯ.

ಇನ್ನು ಚಾಲೂ ಮಾಡಿ ನೋಡಬೇಕು. ಈ ಜಾತಿಯ ಮೋಟಾರು ಕಾಲನ್ನು ನೀರಿನಲ್ಲಿ ಇಟ್ಟುಕೊಂಡೇ ತಿರುಗತಕ್ಕದ್ದು. ಆ ನೀರನ್ನೇ ಹೀರಿ ಮೈ ತಣಿಸಿಕೊಳ್ಳುತ್ತದೆ. ನೀರು ಅರ್ಧ ಮೈಲು ದೂರ. ಹೊತ್ತು ನೋಡಿದರೆ ಒಂಬತ್ತು. ಆಗ ಊರಂಚಿನ ಗಾಣದ ಮಾಲಕ ಭೀಮೇಶ ಬಂದು, ತನ್ನ ಬೆಲ್ಲದ ಕೊಪ್ಪರಿಗೆ ಬಿಡುವಾಗಿದೆ, ನಿನ್ನೆ ಬೆಲ್ಲದ ಅಡುಗೆ ಇಳಿಸಿದ ಮೇಲೆ ನೀರು ತುಂಬಿ ನೆನೆಯಲು ಬಿಟ್ಟಿದೆ ಎಂದು ತಿಳಿಸಿದ.

“ಅದರಾಗ ಇಳಸ್ರಿ. ಹ್ವಾದ ವರ್ಷ ನಮ್ಮ ಹೋರಿ ಬಿದ್ದು ಈಜಾಡೈತಿ ಅದರಾಗ. ಇದೇನ್ ದೊಡ್ಡದು?”

ಗಾಣದ ಊರಿನ ಜನ ಮಾತ್ರ ಮಾಡಬಹುದಾದ ತಪ್ಪು ಇದು. ಸಮುದ್ರದ ದಂಡೆಯವನಿಗೆ ಕೊಪ್ಪರಿಗೆಯ ನೆನಪೇ ಬರುತ್ತಿರಲಿಲ್ಲ. ಚಕ್ಕಡಿಯನ್ನು ಹಿಮ್ಮುಖವಾಗಿ ತಂದು, ಅದರ ಹಿಂದಿನ ಹಲಗೆಗೆ ಮೋಟಾರನ್ನು ಬಿಗಿದು, ಕಾಲನ್ನು ಕೊಪ್ಪರಿಗೆಗೆ ಇಳಿಬಿಟ್ಟರು. ನೋಡಲು ನೆರೆದ ಊರಿನ ಅನುಭವಸ್ಥರೆಲ್ಲ ನೀರು ಸಿಡಿಯದ ಕಡೆ ನೋಡಿಕೊಂಡು ನಿಂತರು.

ಮೋಟಾರು ಚಾಲೂ ಮಾಡುವ ಹಗ್ಗ ಎಳೆಯುವ ಮಾನ ಅಲ್ಲಪ್ಪನಿಗೆ ಬಂತು. ಮೊದಲ ಎಳೆತಕ್ಕೆ ಮೋಟಾರು ಹಗ್ಗವನ್ನು ತಾನೇ ಮರಳಿ ಎಳೆದುಕೊಂಡಿತು. ಅಲ್ಲಪ್ಪ ಅದರ ಬೆನ್ನುಹತ್ತಿ ಹೋಗಿ ಚಕ್ಕಡಿಯ ಹಲಗೆಗೆ ಮೂಗು ಮುಟ್ಟಿಸಿ ಬಂದ. ಎರಡನೆಯ ಎಳೆತಕ್ಕೆ ಚಾಲೂ ಆಯಿತು. ಆದರೆ ಕಿಡಿ ಎಷ್ಟು ಬೇಗ ಹಾರುತ್ತಿತ್ತೆಂದರೆ, ಮೇಲೇರಿ ಬರುತ್ತಿದ್ದ ಪಿಸ್ಟನ್ನನ್ನು ಅದು ಅರ್ಧದಾರಿಯಿಂದಲೇ ಹಿಂದಕ್ಕಟ್ಟಿ, ಇಡೀ ಯಂತ್ರ ಉಲ್ಟಾ ತಿರುಗತೊಡಗಿತು. ನೀರು ಅನುಭವಸ್ಥರು ನಿಂತ ಕಡೆಗೇ ಹಾರಿತು. ಅವರು ಎದುರು ಬದಿಗೆ ಓಡಿದರು. ಗುರುಪಾದ ಅವರ ಮೇಲಿನ ಮರುಕದಿಂದ ಗೇರು ಬದಲಿಸಿದ. ನೀರೂ ಎದುರು ಬದಿಗೆ ಹೋಯಿತು.

ಕೊಪ್ಪರಿಗೆಯ ತಳದಲ್ಲಿ ನೆನೆದ ಬೆಲ್ಲದ ಜಿಡ್ಡೆಲ್ಲ ಮೇಲೆದ್ದಿತು. ನೊರೆ ಉಕ್ಕುವ ಹಾಲಿನಂತೆ ಅಂಚು ದಾಟಿ, ಚಕ್ಕಡಿಯ ಗಾಲಿಯನ್ನು ಮುಚ್ಚಿ, ಅಲ್ಲಪ್ಪನ ಮೊಣಕಾಲಿನವರೆಗೆ ಬಂತು. ಮೋಟಾರು ಅದೇ ಪಾನಕವನ್ನು ಹೀರಿ, ಕಾಯಿಸಿ, ಬದಿಯ ಕಿರುತೂತಿನಿಂದ ಕೆಂಪು ದಾರದಂತೆ ಹೊರಬಿಡುತ್ತಿತ್ತು. ಭೀಮೇಶ ಆ ದಾರಕ್ಕೆ ಬೆರಳೊಡ್ಡಿ ನಾಲಿಗೆಗೆ ಹಚ್ಚಿಕೊಂಡು, ಕಸುಬಿನವನ ಗಾಂಭೀರ್ಯದಿಂದ ನುಡಿದ: “ಪಾಕ ಬಂದೈತಿ. ಇನ್ನ ಹತ್ತ ಮಿನಿಟ ಬಿಟ್ರ ಅಚ್ಚಿಗೆ ಹೊಯ್ಯಬೋದು.”

ಹತ್ತು ನಿಮಿಷ ಬಿಡುವ ಮೊದಲೇ ಮೋಟಾರು ಹೊಗೆಯಾಡಿ ನಿಂತಿತು. ಆ ಹೊತ್ತಿಗೆ ಹನ್ನೊಂದೂವರೆ. ಊರಿನ ಜೇನುಹುಳಗಳಿಗೂ ನೊಣಗಳಿಗೂ ಸುದ್ದಿ ಮುಟ್ಟಿತ್ತು. ಗುರುಪಾದ ಮಾತ್ರ ಧೈರ್ಯಗೆಟ್ಟಿರಲಿಲ್ಲ. ರೋಗ ಯಾವುದೆಂದು ಈಗ ಗೊತ್ತಾಯಿತು, ಅರ್ಧ ಕೆಲಸ ಮುಗಿದಂತೆ ಎಂದ. ಉಳಿದ ಅರ್ಧ ಯಾವುದೆಂದು, ರೊಟ್ಟಿ ಮುಗಿಸಿ ಗಾಣಕ್ಕೆ ಬಂದಿದ್ದ ರಾಜೇಶ್ವರಿ ಕೇಳಿದಳು. ಅವನು ಮೋಟಾರಿನ ಮೇಲಿನ ನೊಣ ಓಡಿಸತೊಡಗಿದ. ಅವಳು ಕೈಯ ಹಿಟ್ಟು ಕೊಡವಿ ರಸ್ತೆ ದಾಟಿದಳು.

ರಸ್ತೆಯಾಚೆಯ ಕಟ್ಟೆಯ ಮೇಲೆ ಮಾಲಿಂಗಪ್ಪ ಮುಂಜಾನೆಯಿಂದ ಕುಳಿತಿದ್ದ. ಅಣೆಕಟ್ಟಿನ ಸಿಬ್ಬಂದಿಯ ದೋಣಿಯನ್ನು ಇಪ್ಪತ್ತಾರು ವರ್ಷ ನಡೆಸಿ ನಿವೃತ್ತನಾದವನು. ಕೊಪ್ಪರಿಗೆಯ ಕಡೆ ಮುಖಮಾಡಿ ಎಲ್ಲವನ್ನೂ ನೋಡಿದ್ದ. ಯಾರೂ ಕೇಳಿರಲಿಲ್ಲವಾಗಿ ಒಂದು ಮಾತನ್ನೂ ಆಡಿರಲಿಲ್ಲ. ರಾಜೇಶ್ವರಿ ಬಂದು ನಿಂತು, ನಾಲ್ಕು ಗಂಟೆಗೆ ಅಧಿಕಾರಿ ಬರುತ್ತಾರೆ, ದೋಣಿ ಹೋದರೆ ನಮಗೆ ಬೇರೆ ದಾರಿಯಿಲ್ಲ, ಒಮ್ಮೆ ಕೈಯಿಟ್ಟು ನೋಡಬೇಕು ಎಂದು ಬೇಡಿಕೊಂಡಳು.

“ಯಾರಾರ ಒಬ್ರು ಕೇಳಿದ್ರಲ್ಲ, ಸಾಕು” ಎಂದು ಅವನು ಎದ್ದ.

ಮಾಲಿಂಗಪ್ಪ ಮೊದಲು ಮನುಷ್ಯರನ್ನು ದೂರ ಕಳಿಸಿದ, ಆಮೇಲೆ ನೊಣಗಳನ್ನು. ಬಿಸಿನೀರು ತರಿಸಿ ಮೋಟಾರಿನ ಒಡಲಿನ ಬೆಲ್ಲವನ್ನೆಲ್ಲ ಕರಗಿಸಿ ಹೊರತೆಗೆದ. ಚಕ್ರದ ಅಡಿಯ ತಟ್ಟೆಯ ಮೇಲಿನ ಜಿಡ್ಡನ್ನು ಒರೆಸಿದಾಗ ಅಲ್ಲೊಂದು ಸಣ್ಣ ಗೆರೆ ಕಂಡಿತು, ಅದರ ಎದುರಿಗೆ ಮತ್ತೊಂದು. ಎರಡನ್ನೂ ಕೂಡಿಸಿ ಬಿಗಿದ. ಕಾರ್ಖಾನೆಯವನು ಹುಚ್ಚನಲ್ಲ, ಇದಕ್ಕಾಗಿಯೇ ಗೆರೆ ಹೊಡೆದಿರುತ್ತಾನೆ ಎಂದಷ್ಟೇ ಹೇಳಿದ.

ಇನ್ನು ಕಿಡಿ ಹುಟ್ಟಿಸುವ ಎರಡು ತುಟಿಗಳ ನಡುವಿನ ಸಂದನ್ನು ಅಳೆಯಬೇಕಿತ್ತು. ಅಳತೆಯ ಪಟ್ಟಿ ಇರಲಿಲ್ಲ. ಮಾಲಿಂಗಪ್ಪ ಒಂದು ಲಗ್ನಪತ್ರಿಕೆ ತರಹೇಳಿದ. ಇದರಿಂದ ಅರ್ಧ ಗಂಟೆ ಕಳೆಯಿತು. ಭೀಮೇಶ ತನ್ನ ಮಗನ ಲಗ್ನದ ಪತ್ರಿಕೆ ತಂದ. ಬೀಗರು ಮೂಡಲಗಿಯ ವ್ಯಾಪಾರಸ್ಥರಾದ್ದರಿಂದ ಅದು ಮರದ ಹಲಗೆಯಷ್ಟು ದಪ್ಪ, ಮೇಲೆ ಬಂಗಾರದ ಬಣ್ಣದ ಅಂಚು. ಅಲ್ಲಪ್ಪ ತನ್ನ ತಮ್ಮನ ಮಗಳ ಲಗ್ನದ್ದನ್ನು ಸಂಕೋಚದಿಂದ ಚಾಚಿದ. ಮಾಲಿಂಗಪ್ಪ ಎರಡನ್ನೂ ಉಗುರಿನಲ್ಲಿ ಬಗ್ಗಿಸಿ ನೋಡಿ ಅಲ್ಲಪ್ಪನದನ್ನು ಆರಿಸಿದ. ಇದೇ ಸರಿಯಾದ ತೆಳು ಎಂದ.

“ಪತ್ರಿಕಿ ತೆಳ್ಳಗ ಇದ್ರೂ ಊಟ ದಪ್ಪ ಹಾಕಿದ್ವಿ” ಎಂದ ಅಲ್ಲಪ್ಪ. ಭೀಮೇಶ ತನ್ನ ಪತ್ರಿಕೆಯನ್ನು ಅಂಗಿಯ ಜೇಬಿಗೆ ಸೇರಿಸಿಕೊಂಡು, ಹಾಗಾದರೆ ಕೊಪ್ಪರಿಗೆ ತಿಕ್ಕಲು ಜನ ಯಾರು ಬರುವಿರಿ ಎಂದು ಕೇಳಿದ. ಎಲ್ಲರೂ ಮೋಟಾರು ಹೊರಲು ಮುಂದಾದರು.

ಎರಡು ಗಂಟೆಗೆ ಮೋಟಾರನ್ನು ಹೊತ್ತು ನೀರಿಗೆ ಹೋದರು. ಮಾಲಿಂಗಪ್ಪ ದೋಣಿಯನ್ನು ಗೂಟಕ್ಕೆ ಕಟ್ಟಿಸಿ, ಮೋಟಾರನ್ನು ಗೇರಿನಲ್ಲಿಯೇ ತಿರುಗಬಿಟ್ಟು, ಅದು ಬಿಸಿಯಾಗುವವರೆಗೆ ಒಂದು ಎಲೆಯಡಿಕೆ ಮುಗಿಸಿದ. ದೋಣಿಯ ಭಾರ ಹೊತ್ತಾಗಿನ ಸ್ಲೋ ಬೇರೆ, ಬರಿಗಾಲಿನಲ್ಲಿ ನಿಂತಾಗಿನ ಸ್ಲೋ ಬೇರೆ. ಕೊಪ್ಪರಿಗೆಯಲ್ಲಿ ಅದನ್ನು ಹಿಡಿಯಲಾಗದು ಎಂದು ವಿವರಿಸಿದ. ಬಳಿಕ ಕಿವಿಯನ್ನು ಮೋಟಾರಿಗೆ ಕೊಟ್ಟು, ಪೆಟ್ರೋಲು ಕಡಿಮೆಯಾಗುವಂತೆ ಹಿತ್ತಾಳೆಯ ತಿರುಪನ್ನು ಒಳಕ್ಕೆ ತಿರುಗಿಸುತ್ತ ಹೋದ. ಮೋಟಾರು ಸೀನಿತು. ಹೊರಕ್ಕೆ ತಿರುಗಿಸುತ್ತ ಬಂದ. ಮೋಟಾರು ಕುಂಟತೊಡಗಿತು.

“ಸೀನಿದ್ರ ಹಸದೈತಿ ಅಂತ ತಿಳಿ. ಕುಂಟಿದ್ರ ಹೆಚ್ಚ ಉಂಡೈತಿ. ನಡುವ ಬಿಡಬೇಕು. ಉಣ್ಣೂ ಕಡೆ ಒಂದ್ ಕೂದಲೆಳಿ ಹೆಚ್ಚ.”

ಅವನು ಕೈ ತೆಗೆದಾಗ ಮೋಟಾರು ಕಣಜದ ಹಿಂದೆ ಮಲಗಿದ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ವೇಗ ಏರಿಸಿದರು, ಏರಿತು. ಇಳಿಸಿದರು, ಇಳಿಯಿತು, ಮತ್ತು ನಿಲ್ಲಲಿಲ್ಲ. ಮಾಲಿಂಗಪ್ಪ ತಡವಾದ ಊಟಕ್ಕೆ ಮನೆಗೆ ನಡೆದ. ಗುರುಪಾದ ಸ್ನಾನಮಾಡಿ ಇಸ್ತ್ರಿಯ ಅಂಗಿ ತೊಟ್ಟು ಬಂದು, ಪರವಾನಗಿಯ ಹೊಸ ಕಾಗದವನ್ನು ಯಾವ ಗೋಡೆಗೆ ತೂಗುಹಾಕುವುದೆಂದು ಯೋಚಿಸುತ್ತ ದೋಣಿಯಲ್ಲಿ ಕುಳಿತ.

ಸರಿಯಾಗಿ ನಾಲ್ಕಕ್ಕೆ ಹುಕ್ಕೇರಿಯ ಅಧಿಕಾರಿ ದಾಕ್ಷಾಯಿಣಿಯವರು ಬಂದರು. ಕೈಯಲ್ಲಿ ಫೈಲು, ಫೈಲಿನಲ್ಲಿ ಅಡ್ಡಗೆರೆ ಉದ್ದಗೆರೆ ಎಳೆದ ಒಂದು ನಮೂನೆ, ಗೆರೆ ಎಳೆದ ಸ್ಕೇಲು. ತೇಲುವ ಜಾಕೀಟುಗಳನ್ನು ಎಣಿಸಿದರು. ನಿಯಮಗಳನ್ನು ಓದಿ ಹೇಳಿದರು: ಇಪ್ಪತ್ತಕ್ಕಿಂತ ಹೆಚ್ಚು ಜನ ಕೂಡದು, ಒಳಗೆ ಮಂದಿ ಇರುವಾಗ ಚಾಲಕ ದೋಣಿಯನ್ನು ಬಿಟ್ಟು ಇಳಿಯಕೂಡದು. ಮೋಟಾರಿನ ಸುತ್ತ ಇಷ್ಟೊಂದು ನೊಣಗಳೇಕೆ ಎಂಬುದೊಂದನ್ನು ಮಾತ್ರ ನಮೂನೆಯಲ್ಲಿ ಕಾಲಂ ಇಲ್ಲದ್ದರಿಂದ ಕೇಳಲಿಲ್ಲ.

ದೋಣಿ ಹೊರಟಿತು. ನಡುನೀರಿನಲ್ಲಿ ಅವರ ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳುತ್ತಿತ್ತು. ಆಚೆ ದಂಡೆ ಬಂದಾಗ ಗುರುಪಾದ ಎರಡು ಬೆರಳಿನಿಂದ ವೇಗ ತಗ್ಗಿಸಿದ. ಮೋಟಾರು ಗುರುಗುಟ್ಟುತ್ತಲೇ ಇತ್ತು. ದೋಣಿ, ನಿದ್ದೆಹೋದ ಕೂಸನ್ನು ತೊಟ್ಟಿಲಿಗೆ ಹಾಕಿದಂತೆ, ದಂಡೆಗೆ ತಾಗಿತು. ದಾಕ್ಷಾಯಿಣಿಯವರು ‘ಮೋಟಾರಿನ ಸ್ಥಿತಿ’ ಎಂಬಲ್ಲಿ ‘ಉತ್ತಮ’ ಎಂದು ಬರೆದರು. ಗುರುಪಾದ ಅದನ್ನು ತಲೆಕೆಳಗಾಗಿಯೇ ಓದಿಕೊಂಡ.

ಪೆನ್ನು ಕೆಳಗಿನ ಸಾಲಿಗೆ ಇಳಿಯಿತು. ಅಲ್ಲಿ ‘ಸಾರ್ವಜನಿಕ ಅವಶ್ಯಕತೆ: ಪರೀಕ್ಷೆಯ ವೇಳೆ ಕಂಡ ಪ್ರಯಾಣಿಕರ ಸಂಖ್ಯೆ’ ಎಂದಿತ್ತು.

“ಜನಾ ಎಲ್ಲೆ?”

“ಬರ್ತಾರ್ರಿ ಮೇಡಮ್ಮಾರ. ನಾಲ್ಕರ ದೋಣಿಗೆ ಹದಿನೈದ ಮಂದಿಗೆ ಕಡಿಮಿ ಇರೂದ ಇಲ್ರಿ.”

ದಂಡೆಯ ಮೇಲೆ ಒಂದು ಆಡು ಇತ್ತು. ಹತ್ತು ನಿಮಿಷವಾಯಿತು. ಆಡು ಕೂಡ ಹೋಯಿತು. ಊರು ದಿಬ್ಬದ ಹಿಂದೆ. ಗಾಳಿ ಎದುರಿನದು, ಕೂಗಿದರೆ ಕೂಗು ಮರಳಿ ಕೂಗಿದವನ ಬಾಯಿಗೇ ಬರುತ್ತಿತ್ತು. ಫೋನಿಗೆ ಆ ತಗ್ಗಿನಲ್ಲಿ ರೇಂಜು ಇರಲಿಲ್ಲ. ಓಡಿಹೋಗಿ ಕರೆತರುವೆನೆಂದು ಗುರುಪಾದ ಕಾಲೆತ್ತಿದ. ದಾಕ್ಷಾಯಿಣಿಯವರು ಅವನ ಕಾಲನ್ನೂ ನಿಯಮದ ಕಾಗದವನ್ನೂ ಒಮ್ಮೆ ನೋಡಿದರು. ಕಾಲು ಕೆಳಗಿಳಿಯಿತು.

ಅಷ್ಟರಲ್ಲಿ ಆಡನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಂದಳು. ಅವಳೇ ಈ ಕತೆಯ ಅಲ್ಲವ್ವ.

“ಯಾವಾಗ ಬಂದ್ಯೊ ನೀ? ಒಂದ್ ಸಪ್ಪಳಿಲ್ಲ, ಸುದ್ದಿಲ್ಲ.”

ಜನ ಎಲ್ಲಿ ಸತ್ತಿದ್ದಾರೆ ಎಂದು ಗುರುಪಾದ ಕೇಳಿದ. ಜನ ಎಲ್ಲಿಯೂ ಹೋಗಿಲ್ಲ, ಹಾಲಿನ ಕ್ಯಾನು, ಕಾಯಿಪಲ್ಲೆಯ ಬುಟ್ಟಿ ಕಟ್ಟಿಕೊಂಡು ಬಾಗಿಲಲ್ಲೇ ಕುಳಿತಿದ್ದಾರೆ ಎಂದಳು ಅಲ್ಲವ್ವ. ಏಳು ವರ್ಷಗಳಿಂದ ಆ ಊರಿನಲ್ಲಿ ಸಂಜೆಯ ದೋಣಿಗೆ ಯಾರೂ ಗಡಿಯಾರ ನೋಡಿದವರಲ್ಲ. ಮೋಟಾರು ನಡುನೀರಿನಲ್ಲಿ ಮೊದಲ ಸಲ ಸೀನಿದಾಗ ಚಪ್ಪಲಿ ಮೆಟ್ಟುವುದು, ಎರಡನೆಯದಕ್ಕೆ ಹೊಸಿಲು ದಾಟುವುದು, ಮೂರನೆಯದಕ್ಕೆ ದಿಬ್ಬ ಇಳಿಯುವುದು.

“ಇವತ್ತ ಸೀನಽ ಇಲ್ಲ. ಗುರುಪಾದ ಬರೂದಿಲ್ಲ ಅಂತ ತಿಳದಾರ.”

ದಾಕ್ಷಾಯಿಣಿಯವರು ಪೂರ್ತಿ ಕೇಳಿಸಿಕೊಂಡರು. ಅನ್ಯಾಯ ಮಾಡುವ ಹೆಂಗಸಲ್ಲ ಅವರು. ಆದರೆ ಅವರು ಹುಕ್ಕೇರಿಗೆ ಮರಳುವ ಬಸ್ಸು ಈಚೆ ದಂಡೆಯಲ್ಲಿ ಐದೂ ಕಾಲಿಗೆ ಬರುವುದಿತ್ತು.

“ಮನ್ಯಾಗ ಕುಂತವರನ್ನ ನಾ ಬರಿಯಾಕ ಬರೂದಿಲ್ಲ. ಕಣ್ಣಿಗೆ ಕಂಡದ್ದ ಬರೀತೇನಿ. ಇನ್ನ ಐದ್ ಮಿನಿಟ.” ಪೆನ್ನಿನ ತುದಿ ಸೊನ್ನೆ ಹಾಕಲು ಕಾಗದಕ್ಕೆ ತಾಗಿ ನಿಂತಿತು.

ಅಲ್ಲವ್ವನಿಗೆ ಮೊಣಕಾಲಿನ ನೋವು. ಅವಳು ಹೋಗಿ ಕರೆತರಲು ಅರ್ಧ ಗಂಟೆ ಬೇಕು. ಗುರುಪಾದ ಒಮ್ಮೆ ದಿಬ್ಬವನ್ನು ನೋಡಿದ, ಒಮ್ಮೆ ಪೆನ್ನನ್ನು ನೋಡಿದ. ಆಮೇಲೆ ಮೋಟಾರಿನ ಮುಚ್ಚಳ ತೆಗೆದು, ಸ್ಕ್ರೂಡ್ರೈವರ್ ಇಟ್ಟು, ಹಿತ್ತಾಳೆಯ ತಿರುಪನ್ನು ಒಳಕ್ಕೆ ತಿರುಗಿಸುತ್ತ ಹೋದ.

ಮೋಟಾರು ಸೀನಿತು. ದಂಡೆಯ ಕೊಕ್ಕರೆಗಳೆಲ್ಲ ಹಾರಿದವು. ಮತ್ತೆ ಸೀನಿತು. ಮೂರನೆಯ ಸೀನಿಗೆ ದಾಕ್ಷಾಯಿಣಿಯವರ ಸ್ಕೇಲು ಕೈಜಾರಿ ಕೆಳಗೆ ಬಿತ್ತು, ಮತ್ತು ದಿಬ್ಬದ ನೆತ್ತಿಯ ಮೇಲೆ ಜನ ಮೂಡಿದರು. ಬುಟ್ಟಿ, ಕ್ಯಾನು, ಕೋಳಿ, ಕಂಕುಳಿನ ಕೂಸು ಸಮೇತ ಇಳಿದು ಬಂದರು. ಎಣಿಸಿದರೆ, ಆಡನ್ನು ಮರೆತು ದೋಣಿ ಹತ್ತಿದ ಅಲ್ಲವ್ವನೂ ಸೇರಿ ಹದಿನೆಂಟು. ದಾಕ್ಷಾಯಿಣಿಯವರು ಸಂಖ್ಯೆ ಬರೆದು, ಅದರ ಮುಂದೆ ‘ಅತ್ಯವಶ್ಯ’ ಎಂದು ಸ್ವಂತ ಮಾತೊಂದನ್ನು ಕೂಡಿಸಿದರು. ಗುರುಪಾದನ ಎದೆ ಅಂಗಿಯ ಗುಂಡಿಗಳನ್ನು ಎಳೆಯತೊಡಗಿತು.

ಈಗ ತಿರುಪನ್ನು ಮರಳಿಸಬೇಕು. ಎಷ್ಟು ಸುತ್ತು ತಿರುಗಿಸಿದ್ದೆ ಎಂದು ನೆನಪು ಮಾಡಿಕೊಂಡ. ಒಂದೂವರೆ ಇರಬಹುದು, ಎರಡೂವರೆ ಇರಬಹುದು. ಎರಡು ಎಂದು ತೀರ್ಮಾನಿಸಿ ಹೊರಟ. ಮೋಟಾರು ಒಮ್ಮೆ ಹಸಿದು ಒಮ್ಮೆ ಅಜೀರ್ಣವಾಗಿ ಸಾಗಿತು. ಹದಿನೆಂಟು ಮಂದಿಗೂ ಈ ವಿಷಯದಲ್ಲಿ ಅಭಿಪ್ರಾಯವಿತ್ತು. ಹಾಲಿನವರು ಬಲಕ್ಕೆ ತಿರುಗಿಸಲು ಹೇಳಿದರು, ಕಾಯಿಪಲ್ಲೆಯವರು ಎಡಕ್ಕೆ. ಗುರುಪಾದ ಎಲ್ಲರ ಮಾತನ್ನೂ ಸ್ವಲ್ಪ ಸ್ವಲ್ಪ ನಡೆಸಿಕೊಟ್ಟ.

ಈಚೆ ದಂಡೆ ಬಂತು. ಅವನು ಎರಡು ಬೆರಳಿನಿಂದ ವೇಗ ತಗ್ಗಿಸಿದ. ಮೋಟಾರು ನಿಂತಿತು.

ದಂಡೆಗೆ ಇನ್ನೂ ಇಪ್ಪತ್ತು ಮಾರು. ದಾಕ್ಷಾಯಿಣಿಯವರು ಗಾಬರಿಯಿಂದ ದೋಣಿಯ ಅಂಚು ಹಿಡಿದುಕೊಂಡರು. ಉಳಿದವರು ಗಾಬರಿಯಾಗಿದ್ದರೆ ಗುರುಪಾದನ ಮಾನ ಉಳಿಯುತ್ತಿತ್ತೇನೋ. ಇವತ್ತೊಂದು ದಿನ ಹೀಗಾಯಿತು ಎನ್ನಬಹುದಿತ್ತು. ಆದರೆ ಯಾರೂ ಮಾತು ನಿಲ್ಲಿಸಲಿಲ್ಲ. ಹಾಲಿನವರು ಕ್ಯಾನಿನ ಮುಚ್ಚಳ ತೆಗೆದರು, ಹೆಂಗಸರು ಊಟದ ತಾಟು ತೆಗೆದರು, ಎಡಬಲ ಸಮನಾಗಿ ಹಂಚಿಕೊಂಡು ಕುಳಿತು, ಮನೆಯ ಸುದ್ದಿ ಆಡುತ್ತಲೇ ಒಂದೇ ತಾಳದಲ್ಲಿ ನೀರನ್ನು ಹಿಂದಕ್ಕೆ ತಳ್ಳಿದರು. ಮುಂದೆ ಕುಳಿತ ಮುದುಕನೊಬ್ಬ ಅಧಿಕಾರಿಯ ಕೈಯ ಫೈಲನ್ನು ನೋಡಿ, ಅದೂ ಅಗಲವಾಗೈತಿ, ಹಿಡೀರಿ ಎಂದು ಸಲಹೆ ಕೊಟ್ಟ. ದೋಣಿ ಅಚ್ಚುಕಟ್ಟಾಗಿ ದಂಡೆ ಸೇರಿತು.

“ದಿನಾ ಹಿಂಗ ಏನ್ರಿ?” ಎಂದರು ದಾಕ್ಷಾಯಿಣಿಯವರು.

“ಇಲ್ರಿ” ಎಂದಳೊಬ್ಬ ಹಾಲಿನವಳು, ಗುರುಪಾದನ ಪಕ್ಷ ವಹಿಸಿ. “ಮಳಿಗಾಲದಾಗ ಗಾಳಿನ ತಂದು ಬಿಡತೈತ್ರಿ.”

ಹುಕ್ಕೇರಿಯ ಬಸ್ಸು ಮೇಲಿನ ರಸ್ತೆಯಲ್ಲಿ ಧೂಳೆಬ್ಬಿಸಿ ಹೋದದ್ದನ್ನು ಎಲ್ಲರೂ ನೋಡಿದರು. ದಾಕ್ಷಾಯಿಣಿಯವರು ಸ್ಕೇಲು ಇಟ್ಟು ‘ಉತ್ತಮ’ ಎಂಬುದನ್ನು ನೇರವಾದ ಎರಡು ಗೆರೆಗಳಿಂದ ಹೊಡೆದುಹಾಕಿದರು. ‘ಅತ್ಯವಶ್ಯ’ವನ್ನು ಹಾಗೆಯೇ ಬಿಟ್ಟರು. ಇಷ್ಟು ಬೇಕಾದ ದೋಣಿಯನ್ನು ಬಂದ್ ಮಾಡಲು ಬರುವುದಿಲ್ಲ, ಇಂಥ ಮೋಟಾರಿಗೆ ವರ್ಷದ ಪರವಾನಗಿ ಕೊಡಲೂ ಬರುವುದಿಲ್ಲ. ಆದ್ದರಿಂದ ಪರವಾನಗಿ ಏಳು ದಿನಕ್ಕೆ, ಬರುವ ಶನಿವಾರ ನಾಲ್ಕು ಗಂಟೆಗೆ ಮರುಪರೀಕ್ಷೆ, ಎರಡೂ ಕಾಲಂ ಒಂದೇ ಸಲಕ್ಕೆ ಸರಿ ಬರತಕ್ಕದ್ದು ಎಂದು ಬರೆದು ಸಹಿ ಹಾಕಿದರು.

ಗುರುಪಾದ ಆ ಕಾಗದವನ್ನು ಎರಡು ಸಲ ಓದಿದ. ಮೋಟಾರು ಸರಿಯಿದ್ದರೆ ಜನ ಬರುವುದಿಲ್ಲ. ಜನ ಬಂದರೆ ಮೋಟಾರು ಸರಿಯಿರುವುದಿಲ್ಲ. ಆಮೇಲೆ ಅದನ್ನು ಮಡಚಿ ಜೇಬಿಗಿಟ್ಟು, ಮುಚ್ಚಳ ತೆಗೆದು ತಿರುಪಿನ ಮುಂದೆ ಕುಳಿತ. ಇಳಿದುಹೋಗಬೇಕಾದ ಹದಿನೆಂಟು ಮಂದಿಯೂ ಅವನ ಸುತ್ತ ಬಾಗಿ ನಿಂತರು.

ಅಲ್ಲವ್ವ ಇಲ್ಲಿಗೆ ಮಾತು ನಿಲ್ಲಿಸಿ ಕೊನೆಯ ತೆನೆಯನ್ನು ಬುಟ್ಟಿಗೆ ಎಸೆದಳು. ಹನ್ನೊಂದು ಮಂದಿ ಮಡಿಲಿನ ಸಿಪ್ಪೆ ಕೊಡವಿ ಎದ್ದರು. ನೊಣ ತಾನಾಗಿಯೇ ಮುತ್ತುವ ಮೋಟಾರನ್ನು ಮಾರಿಬಿಡಬೇಕಿತ್ತು ಎಂದನೊಬ್ಬ. ಅದಲ್ಲ, ಆ ತಿರುಪನ್ನು ಬಲಕ್ಕೆ ಒಂದೂ ಮುಕ್ಕಾಲು ಸುತ್ತು ತಿರುಗಿಸಿದ್ದರೆ ಸಾಕಾಗುತ್ತಿತ್ತು ಎಂದ ಮತ್ತೊಬ್ಬ. ಎಡಕ್ಕೆ ಎಂದಳು ಅವನ ಹೆಂಡತಿ. ಹೆಬ್ಬೆರಳು ತೋರುಬೆರಳು ಜೋಡಿಸಿ ಗಾಳಿಯಲ್ಲಿ ಕಾಣದ ತಿರುಪೊಂದನ್ನು ತಿರುಗಿಸುತ್ತ, ಹನ್ನೊಂದು ಮಂದಿಯೂ ತಮ್ಮ ತಮ್ಮ ಮನೆಗಳಿಗೆ ನಡೆದರು.